ಕಬ್ಬಿಣಾಂಶ ತಿಳಿಯಲು ಯಾವ ರಕ್ತಪರೀಕ್ಷೆ? ಎಚ್‌ಬಿ, ಸಿಬಿಸಿ, ಫೆರಿಟಿನ್, ಐರನ್ ಪ್ರೊಫೈಲ್ ನಡುವಿನ ಆಯ್ಕೆ

ಸದಾ ಸುಸ್ತು, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು, ತಲೆ ಬಾಚಿದರೆ ಕೈತುಂಬ ಕೂದಲು. ಐರನ್ ಕಡಿಮೆಯಿರಬಹುದು, ಟೆಸ್ಟ್ ಮಾಡಿಸಿ ಎಂದು ಯಾರೋ ಹೇಳಿರುತ್ತಾರೆ. ಲ್ಯಾಬಿನ ಕೌಂಟರಿಗೆ ಹೋದರೆ ಐರನ್ ಟೆಸ್ಟ್ ಎಂಬುದು ಒಂದಲ್ಲ. ಎಚ್‌ಬಿ (ಹಿಮೋಗ್ಲೋಬಿನ್), ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ), ಸೀರಮ್ ಐರನ್, ಟಿಐಬಿಸಿ, ಫೆರಿಟಿನ್, ಈ ಕೊನೆಯ ಮೂರೂ ಸೇರಿದ ಐರನ್ ಪ್ರೊಫೈಲ್ ಎಂದು ಪಟ್ಟಿ ಬೆಳೆಯುತ್ತದೆ. ಒಂದೊಂದಕ್ಕೆ ಒಂದೊಂದು ದರ, ಮತ್ತು ಒಂದೊಂದೂ ದೇಹದ ಬೇರೆ ಬೇರೆ ಜಾಗದ ಕಬ್ಬಿಣವನ್ನು ಅಳೆಯುತ್ತದೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡಬಹುದು. ಜ್ವರ, ಸೋಂಕು, ದೀರ್ಘಕಾಲದ ಕಾಯಿಲೆ ಇಲ್ಲದ ಸಾಮಾನ್ಯ ಆರೋಗ್ಯದವರು ಸಿಬಿಸಿ ಮತ್ತು ಫೆರಿಟಿನ್ ಎರಡನ್ನೂ ಒಟ್ಟಿಗೆ ಮಾಡಿಸಲಿ. ಮೂತ್ರಪಿಂಡ, ಹೃದಯ, ಯಕೃತ್ತಿನ ಕಾಯಿಲೆ ಅಥವಾ ಕೀಲುವಾತ ಇರುವವರಿಗೆ ಪೂರ್ತಿ ಐರನ್ ಪ್ರೊಫೈಲ್ ಬೇಕು. ಸೀರಮ್ ಐರನ್ ಒಂದನ್ನೇ ಮಾಡಿಸುವುದು ಯಾರಿಗೂ ಬೇಡ. ಹೀಗೇಕೆ ಎಂಬುದು ಮುಂದಿದೆ.

ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣ ಸುಮಾರು 3ರಿಂದ 4 ಗ್ರಾಂ. ಅದರಲ್ಲಿ ಮೂರನೇ ಎರಡರಷ್ಟು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದೆ. ಉಳಿದದ್ದರ ಬಹುಪಾಲು ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಲ್ಲಿ ಫೆರಿಟಿನ್ ಎಂಬ ಪ್ರೋಟೀನಿನೊಳಗೆ ದಾಸ್ತಾನಾಗಿರುತ್ತದೆ. ಒಂದೆಡೆಯಿಂದ ಇನ್ನೊಂದೆಡೆಗೆ ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣ ಯಾವುದೇ ಗಳಿಗೆಯಲ್ಲಿ ಬರೀ 3–4 ಮಿಲಿಗ್ರಾಂ. ಎಚ್‌ಬಿ ಮೊದಲನೆಯದನ್ನು ಅಳೆಯುತ್ತದೆ, ಫೆರಿಟಿನ್ ಎರಡನೆಯದನ್ನು, ಸೀರಮ್ ಐರನ್ ಮೂರನೆಯದನ್ನು. ಕಬ್ಬಿಣದ ಕೊರತೆ ಶುರುವಾದಾಗ ಮೊದಲು ಕರಗುವುದು ದಾಸ್ತಾನು. ಅದು ಮುಗಿದ ಮೇಲೆ ಸಾಗಣೆ ಕುಗ್ಗುತ್ತದೆ. ಎಚ್‌ಬಿ ಇಳಿಯುವುದು ಕಟ್ಟಕಡೆಗೆ. ಒಲೆಯ ಮೇಲೆ ಅನ್ನ ಬೇಯುತ್ತಿದೆ ಎಂದ ಮಾತ್ರಕ್ಕೆ ಕಣಜದಲ್ಲಿ ಭತ್ತವಿದೆ ಎಂದು ಹೇಳಲಾಗದು. ಎಚ್‌ಬಿ 12.4 ಇದ್ದೂ ಫೆರಿಟಿನ್ 7 ಇರುವ ಹೆಣ್ಣುಮಕ್ಕಳು ಅಪರೂಪವೇನಲ್ಲ. ‘ರಕ್ತ ಸರಿಯಾಗಿದೆ’ ಎಂಬ ಮಾತು ಕೇಳಿ ಮನೆಗೆ ಮರಳಿದ ಮೇಲೂ ಅವರ ಸುಸ್ತು ಮಾತ್ರ ಹೋಗುವುದಿಲ್ಲ.

ಎಚ್‌ಬಿ: ಎಲ್ಲರ ಕೈಗೆಟುಕುವುದು, ಆದರೆ ತಡವಾಗಿ ತಿಳಿಸುವುದು

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಚ್‌ಬಿ ಪರೀಕ್ಷೆ ಉಚಿತ. ಗರ್ಭಿಣಿಯರಿಗೆ ಪ್ರತಿ ತಪಾಸಣೆಯಲ್ಲೂ ಮಾಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಡೆಸಿಲೀಟರ್ ರಕ್ತಕ್ಕೆ ಗಂಡಸರಲ್ಲಿ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ನಾಲ್ಕರಿಂದ ಆರನೇ ತಿಂಗಳ ನಡುವೆ ರಕ್ತದ ನೀರಿನಂಶ ಹೆಚ್ಚುವುದರಿಂದ ಆ ಅವಧಿಗೆ 10.5ರ ಗೆರೆ ಹಾಕುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಈ ಅಂಕಿಗಳೆಲ್ಲ ಎಚ್‌ಬಿ ಅಳತೆಯಿಂದ ಬಂದವು. ರಕ್ತಹೀನತೆ ಇನ್ನೂ ಬಾರದೆ ದಾಸ್ತಾನು ಮಾತ್ರ ಬರಿದಾದವರು ಇವುಗಳಲ್ಲಿ ಸೇರಿಲ್ಲ.

ಎಚ್‌ಬಿ ಅಂಕಿ ತಪ್ಪಾಗಲು ಮುಖ್ಯ ಕಾರಣ ತೆಗೆಯುವ ವಿಧಾನ. ಬೆರಳಿಗೆ ಚುಚ್ಚಿ ಒತ್ತಿ ಒತ್ತಿ ಹಿಂಡಿದರೆ ರಕ್ತದ ಜೊತೆ ಅಂಗಾಂಶದ ದ್ರವವೂ ಸೇರಿ ಅಂಕಿ ಇಳಿಯುತ್ತದೆ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೂ ತೊಂದರೆಯೇ. ಕೈಯನ್ನು ಬೆಚ್ಚಗೆ ಮಾಡಿಕೊಂಡು, ಮಧ್ಯದ ಅಥವಾ ಉಂಗುರದ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ತಾನಾಗಿ ಉಕ್ಕುವ ಮುಂದಿನ ಹನಿಯನ್ನು ತೆಗೆಯಬೇಕು. ಕೆಲವು ಸಣ್ಣ ಲ್ಯಾಬುಗಳಲ್ಲಿ ಇನ್ನೂ ಸಾಹ್ಲಿ ವಿಧಾನ ಉಳಿದಿದೆ. ಅದರಲ್ಲಿ ಬಣ್ಣವನ್ನು ಕಣ್ಣಳತೆಯಲ್ಲಿ ಹೋಲಿಸುವುದರಿಂದ ನೋಡುವವರು ಬದಲಾದರೆ ಅಂಕಿಯೂ ಬದಲಾಗುತ್ತದೆ. ಬೆರಳಿನ ಪರೀಕ್ಷೆಯಲ್ಲಿ ನಿರೀಕ್ಷಿಸದಷ್ಟು ಕಡಿಮೆ ಬಂದರೆ ಮಾತ್ರೆ ನುಂಗಲು ಶುರುಮಾಡುವ ಮೊದಲು ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ ಒಂದು ಸಿಬಿಸಿ ಮಾಡಿಸಿಕೊಳ್ಳಿ.

ಎಚ್‌ಬಿ ಕಡಿಮೆ ಎಂದರೆ ಕಬ್ಬಿಣವೇ ಕಡಿಮೆ ಎಂದೂ ಅರ್ಥವಲ್ಲ. ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ, ತಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶಪಾರಂಪರ್ಯ ಕಾಯಿಲೆ), ಮೂತ್ರಪಿಂಡದ ಕಾಯಿಲೆ, ಹಳೆಯ ಸೋಂಕು, ಎಲ್ಲವೂ ಎಚ್‌ಬಿಯನ್ನು ಇಳಿಸುತ್ತವೆ.

ಸಿಬಿಸಿಯಲ್ಲಿ ಯಾರೂ ಓದದ ಸಾಲುಗಳು

ಕೆಲವು ನೂರು ರೂಪಾಯಿಯೊಳಗೆ ಆಗುವ ಸಿಬಿಸಿಯಲ್ಲಿ ಎಚ್‌ಬಿಯ ಕೆಳಗಿನ ಸಾಲುಗಳು ಕಾರಣದ ಸುಳಿವು ಕೊಡುತ್ತವೆ. ಎಂಸಿವಿ ಎಂದರೆ ಕೆಂಪುಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100 ಇರಬೇಕು. ಎಂಸಿಎಚ್ ಎಂದರೆ ಒಂದೊಂದು ಕಣದಲ್ಲಿರುವ ಹಿಮೋಗ್ಲೋಬಿನ್. ಅದು 27ರಿಂದ 32. ಆರ್‌ಡಿಡಬ್ಲ್ಯೂ ಎಂದರೆ ಕಣಗಳ ಗಾತ್ರದಲ್ಲಿರುವ ಏರುಪೇರು. ಅದು ಸುಮಾರು 14.5ರೊಳಗೆ ಇರಬೇಕು. ಕಬ್ಬಿಣದ ಕೊರತೆಯಲ್ಲಿ ಎಂಸಿವಿ, ಎಂಸಿಎಚ್ ಇಳಿಯುತ್ತವೆ, ಆರ್‌ಡಿಡಬ್ಲ್ಯೂ ಏರುತ್ತದೆ.

ತಲಸ್ಸೀಮಿಯಾ ವಾಹಕರಲ್ಲೂ, ಅಂದರೆ ಕಾಯಿಲೆಯಿಲ್ಲದೆ ಅದರ ಜೀನ್ ಮಾತ್ರ ಹೊತ್ತವರಲ್ಲೂ, ಎಂಸಿವಿ ಇಳಿದಿರುತ್ತದೆ. ಇವರಿಗೆ ಕಬ್ಬಿಣದ ಕೊರತೆ ಇರಲೇಬೇಕೆಂದಿಲ್ಲ. ಆದರೂ ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕವಿದೆ. ಎಂಸಿವಿಯನ್ನು ಕೆಂಪುಕಣಗಳ ಎಣಿಕೆಯಿಂದ (ರಿಪೋರ್ಟಿನಲ್ಲಿ ಆರ್‌ಬಿಸಿ, ಮಿಲಿಯನ್ ಲೆಕ್ಕದಲ್ಲಿ) ಭಾಗಿಸಿ. ಎಂಸಿವಿ 64, ಎಣಿಕೆ 5.8 ಇದ್ದರೆ ಉತ್ತರ 11. ಹೀಗೆ 13ಕ್ಕಿಂತ ಕಡಿಮೆ ಬಂದರೆ ತಲಸ್ಸೀಮಿಯಾ ವಾಹಕರಿರಬಹುದು. ಎಂಸಿವಿ 70, ಎಣಿಕೆ 4 ಇದ್ದರೆ 17.5 ಬರುತ್ತದೆ, ಅದು ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಇದು ಅನುಮಾನ ಹುಟ್ಟಿಸಲು ಸಾಕಾದ ಲೆಕ್ಕ ಅಷ್ಟೇ, ತೀರ್ಮಾನಕ್ಕೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ಅದರಲ್ಲಿ ಹಿಮೋಗ್ಲೋಬಿನ್ ಎ2 ಶೇ. 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ತಲಸ್ಸೀಮಿಯಾ ವಾಹಕರೆಂದು ಹೇಳುತ್ತಾರೆ. ಕಬ್ಬಿಣದ ಕೊರತೆ ತೀವ್ರವಾಗಿದ್ದಾಗ ಎ2 ತಗ್ಗಿ ವಾಹಕತ್ವ ಮರೆಯಾಗಬಹುದು. ಗಡಿಯಲ್ಲಿರುವ ಅಂಕಿ ಬಂದರೆ ಕೊರತೆ ಸರಿಪಡಿಸಿ ಮತ್ತೊಮ್ಮೆ ನೋಡುತ್ತಾರೆ. ಮದುವೆ ಅಥವಾ ಮಗುವಿನ ಯೋಚನೆಯಲ್ಲಿರುವವರು ಇದನ್ನು ಮುಂದೂಡಬಾರದು. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ತಲಸ್ಸೀಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಸಿಬಿಸಿ ಮೋಸಹೋಗುವ ಇನ್ನೊಂದು ಸಂದರ್ಭ ಸಸ್ಯಾಹಾರಿಗಳದು. ಬಿ12 ಕೊರತೆಯಲ್ಲಿ ಕಣ ದೊಡ್ಡದಾಗುತ್ತದೆ, ಕಬ್ಬಿಣದ ಕೊರತೆಯಲ್ಲಿ ಸಣ್ಣದಾಗುತ್ತದೆ. ಎರಡೂ ಒಟ್ಟಿಗಿದ್ದರೆ ಸರಾಸರಿ 88ರ ಹತ್ತಿರ ನಿಂತು ಎಲ್ಲ ಸರಿಯಿದೆಯೆಂಬಂತೆ ಕಾಣುತ್ತದೆ. ಆಗ ಆರ್‌ಡಿಡಬ್ಲ್ಯೂ ಒಂದೇ ಸುಳಿವು. ಎಂಸಿವಿ ಸರಿ, ಆರ್‌ಡಿಡಬ್ಲ್ಯೂ 17 ಎಂದಿದ್ದರೆ ಫೆರಿಟಿನ್ ಜೊತೆ ಬಿ12 ಕೂಡ ಮಾಡಿಸಿ.

ಫೆರಿಟಿನ್: ಒಂದೇ ಆರಿಸಬೇಕೆಂದರೆ ಇದನ್ನೇ

ಲೀಟರ್‌ಗೆ ಇಷ್ಟು ಮೈಕ್ರೋಗ್ರಾಂ ಎಂದಾಗಲಿ ಮಿಲಿಲೀಟರ್‌ಗೆ ಇಷ್ಟು ನ್ಯಾನೋಗ್ರಾಂ ಎಂದಾಗಲಿ ಬರೆದಿರುತ್ತಾರೆ, ಎರಡೂ ಒಂದೇ. ಆರೋಗ್ಯವಂತರಲ್ಲಿ ಫೆರಿಟಿನ್‌ನ ಒಂದೊಂದು ಅಂಕವೂ ಸುಮಾರು 8ರಿಂದ 10 ಮಿಲಿಗ್ರಾಂ ದಾಸ್ತಾನನ್ನು ಸೂಚಿಸುತ್ತದೆ. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ, ದಿನದ ಹೊತ್ತೂ ಲೆಕ್ಕಕ್ಕಿಲ್ಲ, ಹಿಂದಿನ ದಿನ ತಿಂದ ಸೊಪ್ಪೂ ಅದನ್ನು ಅಲುಗಿಸದು. ಸಿಬಿಸಿಗಿಂತ ದುಬಾರಿ, ನಿಜ. ಆದರೂ ತಿಂಗಳುಗಟ್ಟಲೆ ಊಹೆಯ ಮೇಲೆ ಟಾನಿಕ್ ಕುಡಿಯುವ ಖರ್ಚಿಗಿಂತ ಇದು ಮೇಲು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5 ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ, ಉಳಿದವರಲ್ಲಿ 15ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ. ಹಲವು ವೈದ್ಯರು ವಯಸ್ಕರಲ್ಲಿ 30ಕ್ಕಿಂತ ಕಡಿಮೆ ಇದ್ದರೇ ಚಿಕಿತ್ಸೆ ಯೋಚಿಸುತ್ತಾರೆ, ಏಕೆಂದರೆ 15 ಮುಟ್ಟುವ ಹೊತ್ತಿಗೆ ದಾಸ್ತಾನು ಬಹುತೇಕ ಖಾಲಿ.

ರಿಪೋರ್ಟಿನ ಬಲಬದಿಯ ‘ನಾರ್ಮಲ್ ರೇಂಜ್’ ಇಲ್ಲಿ ದಾರಿ ತಪ್ಪಿಸುತ್ತದೆ. ಹೆಂಗಸರಿಗೆ 10 ಅಥವಾ 13ರಿಂದ ಶುರುವಾಗುವ ರೇಂಜ್ ಮುದ್ರಿಸುವ ಲ್ಯಾಬುಗಳಿವೆ. ಹಾಗಾಗಿ 14 ಬಂದರೆ ಅಂಕಿ ದಪ್ಪ ಅಕ್ಷರದಲ್ಲಿ ಬರುವುದಿಲ್ಲ, ಪಕ್ಕದಲ್ಲಿ ಬಾಣದ ಗುರುತೂ ಇರುವುದಿಲ್ಲ, ಯಾರೂ ಗಮನಿಸುವುದಿಲ್ಲ. ರೇಂಜ್ ಬಿಟ್ಟು ಅಂಕಿಯನ್ನೇ ಓದಿ. ಸುಸ್ತು ಇದ್ದು 14 ಬಂದಿದ್ದರೆ ಅದನ್ನು ವೈದ್ಯರ ಮುಂದೆ ಬೆರಳಿಟ್ಟು ತೋರಿಸಿ.

ಫೆರಿಟಿನ್‌ನ ದೊಡ್ಡ ದೋಷ ಬೇರೆಯಿದೆ. ದೇಹದಲ್ಲಿ ಉರಿಯೂತ, ಸೋಂಕು ಬಂದಾಗ ದಾಸ್ತಾನಿಗೆ ಸಂಬಂಧವಿಲ್ಲದೆ ಅದು ಏರುತ್ತದೆ. ಡೆಂಗಿಯಲ್ಲಿ ಸಾವಿರ ದಾಟುವುದೂ ಉಂಟು. ಕೊಬ್ಬು ತುಂಬಿದ ಯಕೃತ್ತು, ಮದ್ಯಪಾನ, ಕೀಲುವಾತ, ಕ್ಷಯ, ಕ್ಯಾನ್ಸರ್ ಕೂಡ ಏರಿಸುತ್ತವೆ. ಅದಕ್ಕೇ ಈ ನಿಯಮ ನೆನಪಿಡಿ: ಫೆರಿಟಿನ್ ಕಡಿಮೆ ಬಂದರೆ ನಂಬಬಹುದು, ಸರಿಯಾಗಿದೆ ಎಂದು ಬಂದರೆ ಒಮ್ಮೆ ಪ್ರಶ್ನಿಸಬೇಕು. ಮಳೆಗಾಲದ ಜ್ವರ, ಕೆಮ್ಮು, ಹಲ್ಲಿನ ಕೀವು ಏನೇ ಇದ್ದರೂ ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ ಪರೀಕ್ಷೆಗೆ ಹೋಗಿ. ಕಾಯಲಾಗದಿದ್ದರೆ ಅದೇ ರಕ್ತದಲ್ಲಿ ಸಿಆರ್‌ಪಿ ಕೂಡ ನೋಡಲು ಹೇಳಿ. ಸಿಆರ್‌ಪಿ ಲೀಟರ್‌ಗೆ 5 ಮಿಲಿಗ್ರಾಂ ಮೀರಿದ್ದರೆ ಉರಿಯೂತವಿದೆ ಎಂದರ್ಥ. ಆಗ ವಯಸ್ಕರಲ್ಲಿ 70ಕ್ಕಿಂತ ಕಡಿಮೆ, 5 ವರ್ಷದೊಳಗಿನವರಲ್ಲಿ 30ಕ್ಕಿಂತ ಕಡಿಮೆ ಇದ್ದರೂ ಕೊರತೆಯೆಂದೇ ಎಣಿಸುತ್ತಾರೆ.

ಫೆರಿಟಿನ್ ಸುಳ್ಳಾಗಿ ತಗ್ಗುವುದು ಬಲು ಅಪರೂಪ. ಒಂದು ಕಾರಣ ಮಾತ್ರ ಈಗ ಮನೆಮನೆಗೆ ಬಂದಿದೆ, ಕೂದಲಿಗೆಂದು ನುಂಗುವ ಬಯೋಟಿನ್. ಕೆಲವು ಯಂತ್ರಗಳ ಅಳತೆಯ ರಾಸಾಯನಿಕ ಕ್ರಿಯೆಯಲ್ಲೇ ಬಯೋಟಿನ್ ಬಳಕೆಯಾಗುವುದರಿಂದ ರಕ್ತದಲ್ಲಿರುವ ಹೆಚ್ಚುವರಿ ಬಯೋಟಿನ್ ಅಡ್ಡಬರುತ್ತದೆ. ಕೂದಲು ಉದುರುವವರೇ ಫೆರಿಟಿನ್ ಮಾಡಿಸುವುದೂ ಹೆಚ್ಚು, ಬಯೋಟಿನ್ ನುಂಗುವುದೂ ಹೆಚ್ಚು. ರಕ್ತ ಕೊಡುವ ಎರಡು ಮೂರು ದಿನ ಮೊದಲು ನಿಲ್ಲಿಸಿ, ನುಂಗುತ್ತಿದ್ದುದನ್ನು ಲ್ಯಾಬಿನವರಿಗೂ ತಿಳಿಸಿ.

ಸೀರಮ್ ಐರನ್, ಟಿಐಬಿಸಿ, ಸ್ಯಾಚುರೇಶನ್

ಸೀರಮ್ ಐರನ್ ಹೆಸರಿನಲ್ಲೇ ಐರನ್ ಇರುವುದರಿಂದ ಜನ ಇದನ್ನೇ ಕೇಳಿ ಮಾಡಿಸುತ್ತಾರೆ. ಅದು ಅಳೆಯುವುದು ಆ ಗಳಿಗೆಯಲ್ಲಿ ರಕ್ತದಲ್ಲಿ ಸಾಗುತ್ತಿರುವ ಆ ಮೂರು ನಾಲ್ಕು ಮಿಲಿಗ್ರಾಮನ್ನು. ಸಾಮಾನ್ಯವಾಗಿ ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಐರನ್ ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಗಗನಕ್ಕೇರುತ್ತದೆ, ಜ್ವರ ಬಂದರೆ ಪಾತಾಳಕ್ಕಿಳಿಯುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ ಹತ್ತು ಗಂಟೆಗೆ ರಕ್ತ ಕೊಟ್ಟವರ ರಿಪೋರ್ಟಿನಲ್ಲಿ 180 ಬಂದರೆ ಅವರ ದೇಹದಲ್ಲಿ ಕಬ್ಬಿಣ ತುಂಬಿ ತುಳುಕುತ್ತಿದೆ ಎಂದಲ್ಲ.

ಇದಕ್ಕೆ ಅರ್ಥ ಬರುವುದು ಟಿಐಬಿಸಿ ಜೊತೆಗಿದ್ದಾಗ. ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗೆ ಒಟ್ಟು ಎಷ್ಟು ಹೊರುವ ಶಕ್ತಿಯಿದೆ ಎಂಬುದೇ ಟಿಐಬಿಸಿ. ಸಾಮಾನ್ಯವಾಗಿ ಡೆಸಿಲೀಟರ್‌ಗೆ 250ರಿಂದ 450 ಮೈಕ್ರೋಗ್ರಾಂ. ಸೀರಮ್ ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸ್ಯಾಚುರೇಶನ್ ಸಿಗುತ್ತದೆ. ಅದು ಶೇ. 20ರಿಂದ 45ರ ನಡುವೆ ಇರುವುದು ಒಳ್ಳೆಯದು.

ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಐರನ್ 35, ಟಿಐಬಿಸಿ 420, ಸ್ಯಾಚುರೇಶನ್ ಶೇ. 8, ಫೆರಿಟಿನ್ 6. ದಾಸ್ತಾನು ಮುಗಿದಿದೆ, ದೇಹ ಹೊರುವ ಪ್ರೋಟೀನನ್ನು ಹೆಚ್ಚಿಸಿ ಕಬ್ಬಿಣಕ್ಕಾಗಿ ಹುಡುಕುತ್ತಿದೆ. ಇದು ನಿಜವಾದ ಕೊರತೆ. ಇನ್ನೊಂದರಲ್ಲಿ ಐರನ್ 45, ಟಿಐಬಿಸಿ 240, ಸ್ಯಾಚುರೇಶನ್ ಶೇ. 19, ಫೆರಿಟಿನ್ 210. ಐರನ್ ಇಲ್ಲೂ ಕಡಿಮೆಯೇ. ಆದರೆ ದಾಸ್ತಾನಿದೆ, ಉರಿಯೂತದಿಂದಾಗಿ ದೇಹ ಅದನ್ನು ಹೊರಬಿಡುತ್ತಿಲ್ಲ. ಇಂಥವರಿಗೆ ಮಾತ್ರೆಗಿಂತ ಮೂಲ ಕಾಯಿಲೆಯ ಚಿಕಿತ್ಸೆ ಮುಖ್ಯ. ಸೀರಮ್ ಐರನ್ ಒಂದನ್ನೇ ಮಾಡಿಸಿದ್ದರೆ ಇಬ್ಬರಿಗೂ ಒಂದೇ ಚೀಟಿ ಸಿಗುತ್ತಿತ್ತು.

ಗರ್ಭಿಣಿಯರಲ್ಲೂ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲೂ ಟಿಐಬಿಸಿ ತಾನಾಗಿ ಏರಿ ಸ್ಯಾಚುರೇಶನ್ ತಗ್ಗಿದಂತೆ ಕಾಣುತ್ತದೆ. ಅವರಿಗೆ ಫೆರಿಟಿನ್ ಹೆಚ್ಚು ನಂಬಿಕೆಗೆ ಅರ್ಹ.

ಹೆಲ್ತ್ ಪ್ಯಾಕೇಜ್ ಕೊಳ್ಳುವವರಿಗೆ ಒಂದು ಮಾತು. ‘60 ಟೆಸ್ಟ್, 80 ಟೆಸ್ಟ್’ ಎಂದು ಮಾರುವ ಹಲವು ಪ್ಯಾಕೇಜುಗಳಲ್ಲಿ ಐರನ್ ಎಂದರೆ ಸೀರಮ್ ಐರನ್, ಟಿಐಬಿಸಿ ಮಾತ್ರ. ಫೆರಿಟಿನ್ ಇರುವುದಿಲ್ಲ. ಹಣ ಕಟ್ಟುವ ಮೊದಲು ಪಟ್ಟಿಯಲ್ಲಿ ಆ ಹೆಸರು ಹುಡುಕಿ.

ಯಾರಿಗೆ ಯಾವುದು

ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹುಡುಗಿಯರು, ಹೆಂಗಸರು: ಸಿಬಿಸಿ ಮತ್ತು ಫೆರಿಟಿನ್. ಎಚ್‌ಬಿ ಸರಿಯಿದೆ ಎಂದು ಅಲ್ಲಿಗೇ ನಿಲ್ಲಿಸಬಾರದವರು ಇವರೇ. ಪದೇ ಪದೇ ರಕ್ತದಾನ ಮಾಡುವವರಿಗೂ ಇದೇ ಆಯ್ಕೆ. ಒಂದು ದಾನದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಬ್ಲಡ್ ಬ್ಯಾಂಕಿನವರು ನೋಡುವುದು ಎಚ್‌ಬಿ 12.5 ಇದೆಯೇ ಎಂಬುದನ್ನು ಮಾತ್ರ.

ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲೇ ಸಿಬಿಸಿ, ಫೆರಿಟಿನ್ ಮಾಡಿಸಿದರೆ ಒಳ್ಳೆಯದು. ಬಸಿರು ಮುಂದುವರಿದಂತೆ ರಕ್ತ ತೆಳುವಾಗಿ ಫೆರಿಟಿನ್ ಎಲ್ಲರಲ್ಲೂ ಇಳಿಯುತ್ತದೆ, ಓದುವುದು ಕಷ್ಟ. ಇಡೀ ಬಸಿರಿಗೆ ಬೇಕಾಗುವ ಕಬ್ಬಿಣ ಸುಮಾರು 1 ಗ್ರಾಂ. ಆದ್ದರಿಂದ ಫೆರಿಟಿನ್ ಮಾಡಿಸಲಾಗದಿದ್ದರೂ ಸರ್ಕಾರಿ ಆಸ್ಪತ್ರೆ ಕೊಡುವ ಕೆಂಪು ಮಾತ್ರೆಯನ್ನು, ಅಂದರೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ್ದನ್ನು, ಪರೀಕ್ಷೆಗೆ ಕಾಯದೆ ಹೇಳಿದ ತಿಂಗಳಿನಿಂದ ತೆಗೆದುಕೊಳ್ಳಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ವಿಶೇಷ ತಪಾಸಣೆ ಇರುತ್ತದೆ. ಎಚ್‌ಬಿ 7ರ ಕೆಳಗೆ ಬಂದರೆ ಪರೀಕ್ಷೆಗಳ ಆಯ್ಕೆಯಲ್ಲಿ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಗಂಡಸರು ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಫೆರಿಟಿನ್ ಕಡಿಮೆ ಬಂದರೆ ಪ್ರಶ್ನೆಯೇ ಬೇರೆ. ಇವರು ಪ್ರತಿ ತಿಂಗಳು ರಕ್ತ ಕಳೆದುಕೊಳ್ಳುವವರಲ್ಲ. ಕಬ್ಬಿಣ ಎಲ್ಲಿಂದಲೋ ಸೋರುತ್ತಿರಬೇಕು. ಹೊಟ್ಟೆಯ ಹುಣ್ಣು, ಮೂಲವ್ಯಾಧಿ, ನೋವಿನ ಮಾತ್ರೆಯಿಂದಾದ ಗಾಯ, ಕೊಕ್ಕೆಹುಳು, ಕರುಳಿನ ಕ್ಯಾನ್ಸರ್, ಯಾವುದೂ ಆಗಬಹುದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎಂದು ವೈದ್ಯರು ಹೇಳಿದರೆ ಮಾತ್ರೆಯಿಂದ ಎಚ್‌ಬಿ ಏರಿತಲ್ಲ ಎಂದು ಬಿಟ್ಟುಬಿಡಬೇಡಿ.

ಮೂತ್ರಪಿಂಡದ ಕಾಯಿಲೆ, ಹೃದಯ ವೈಫಲ್ಯ ಇರುವವರಿಗೆ ಫೆರಿಟಿನ್ ಜೊತೆ ಸ್ಯಾಚುರೇಶನ್ ಇಲ್ಲದೆ ತೀರ್ಮಾನವಾಗದು. ಹೃದಯ ವೈಫಲ್ಯದಲ್ಲಿ ಫೆರಿಟಿನ್ 100ಕ್ಕಿಂತ ಕಡಿಮೆ, ಅಥವಾ 100ರಿಂದ 299ರ ನಡುವೆ ಇದ್ದು ಸ್ಯಾಚುರೇಶನ್ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊರತೆಯೆಂದು ಪರಿಗಣಿಸುವುದು ರೂಢಿ. ಆರೋಗ್ಯವಂತರ 15, 30ರ ಗೆರೆಗಳನ್ನು ಇವರಿಗೆ ಹಚ್ಚಬಾರದು.

ವಿದೇಶದಲ್ಲಿರುವವರು ಊರಿನ ರಿಪೋರ್ಟಿನ ಜೊತೆ ಹೋಲಿಸುವಾಗ ಅಳತೆಯ ಘಟಕ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಎಚ್‌ಬಿ ಲೀಟರ್‌ಗೆ ಗ್ರಾಂ ಲೆಕ್ಕದಲ್ಲಿ 118 ಎಂದು ಬಂದರೆ ಅದು ನಮ್ಮ 11.8. ಸೀರಮ್ ಐರನ್ ಮೈಕ್ರೋಮೋಲ್‌ನಲ್ಲಿದ್ದರೆ 5.6ರಿಂದ ಗುಣಿಸಿ, 10 ಎಂದರೆ 56.

ರಕ್ತ ಕೊಡುವ ದಿನ

ಸಿಬಿಸಿ, ಫೆರಿಟಿನ್ ಮಾತ್ರವಾದರೆ ತಿಂಡಿ ತಿಂದು ಯಾವ ಹೊತ್ತಿಗೆ ಬೇಕಾದರೂ ಹೋಗಿ. ಸೀರಮ್ ಐರನ್ ಇದ್ದರೆ ರಾತ್ರಿ ಊಟದ ನಂತರ 8ರಿಂದ 12 ಗಂಟೆ ಏನೂ ತಿನ್ನದೆ ಬೆಳಿಗ್ಗೆ ಹತ್ತರೊಳಗೆ ಹೋಗಿ. ನೀರು ಕುಡಿಯಬಹುದು. ಕುಡಿದಿದ್ದರೆ ರಕ್ತನಾಳವೂ ಸುಲಭವಾಗಿ ಸಿಗುತ್ತದೆ. ಐರನ್ ಮಾತ್ರೆಯನ್ನು, ಕಬ್ಬಿಣ ಸೇರಿರುವ ಮಲ್ಟಿವಿಟಮಿನ್ನನ್ನೂ, ಕನಿಷ್ಠ 24 ಗಂಟೆ ಮೊದಲು ನಿಲ್ಲಿಸಿ.

ಸಿಬಿಸಿಗೆ ನೇರಳೆ ಮುಚ್ಚಳದ ಟ್ಯೂಬ್, ಐರನ್ ಮತ್ತು ಫೆರಿಟಿನ್‌ಗೆ ಕೆಂಪು ಅಥವಾ ಹಳದಿ ಮುಚ್ಚಳದ್ದು. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದೇ ರಕ್ತದಲ್ಲಿ ಸೀರಮ್ ಐರನ್ ನೋಡಿದರೆ ಸುಳ್ಳು ಕೊರತೆ ಕಾಣುತ್ತದೆ. ಮನೆಗೆ ಬಂದು ರಕ್ತ ತೆಗೆಯುವವರು ಒಂದೇ ಟ್ಯೂಬ್ ತುಂಬಿಸಿದರೆ ಕೇಳಿ. ತೆಳು ಸೂಜಿಯಲ್ಲಿ ಜೋರಾಗಿ ಎಳೆದರೆ ಅಥವಾ ಟ್ಯೂಬನ್ನು ಕುಲುಕಿದರೆ ಕೆಂಪುಕಣ ಒಡೆದು ಐರನ್ ಹೆಚ್ಚಾಗಿ ತೋರುತ್ತದೆ. ರಿಪೋರ್ಟಿನ ಕೆಳಗೆ ‘ಹಿಮೋಲೈಸ್ಡ್’ ಎಂಬ ಟಿಪ್ಪಣಿ ಇದ್ದರೆ ಮತ್ತೆ ರಕ್ತ ತೆಗೆಯಲು ಹೇಳುವುದು ನಿಮ್ಮ ಹಕ್ಕು.

ಮರುಪರೀಕ್ಷೆ ಯಾವಾಗ

ಮಾತ್ರೆ ಶುರುವಾದ ಮೇಲೆ ಮೂರು ನಾಲ್ಕು ವಾರಕ್ಕೆ ಒಂದು ಎಚ್‌ಬಿ ಸಾಕು. 1ರಿಂದ 2 ಗ್ರಾಂ ಏರಿದ್ದರೆ ಔಷಧ ಕೆಲಸ ಮಾಡುತ್ತಿದೆ. ಏರದಿದ್ದರೆ ಮೊದಲು ನೋಡಬೇಕಾದದ್ದು ಮಾತ್ರೆ ನುಂಗುವ ಕ್ರಮವನ್ನು. ಕಾಫಿ, ಟೀ ಜೊತೆಗೋ ಕ್ಯಾಲ್ಸಿಯಂ ಮಾತ್ರೆಯ ಜೊತೆಗೋ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗದು. ಕಾಫಿಗೂ ಇದಕ್ಕೂ ಒಂದು ಗಂಟೆ, ಕ್ಯಾಲ್ಸಿಯಂಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಕ್ರಮ ಸರಿಯಿದ್ದೂ ಏರದಿದ್ದರೆ ರಕ್ತ ಸೋರುತ್ತಿದೆಯೇ, ತಲಸ್ಸೀಮಿಯಾ ಇದೆಯೇ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯಿದೆಯೇ ಎಂದು ವೈದ್ಯರು ಹುಡುಕುತ್ತಾರೆ.

ಫೆರಿಟಿನ್ ಮತ್ತೆ ನೋಡುವುದು ಮೂರು ತಿಂಗಳಿಗೆ, ಅದೂ ಮೊದಲು ಮಾಡಿಸಿದ ಲ್ಯಾಬಿನಲ್ಲೇ, ಏಕೆಂದರೆ ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. ಡ್ರಿಪ್ಪಿನಲ್ಲಿ ಐರನ್ ಹಾಕಿಸಿಕೊಂಡವರು ಕನಿಷ್ಠ ನಾಲ್ಕು ವಾರ ಕಾಯಬೇಕು. ಅದಕ್ಕೆ ಮೊದಲು ಮಾಡಿಸಿದರೆ ಫೆರಿಟಿನ್ 500, 600 ಎಂದು ಬಂದು ಸುಮ್ಮನೆ ಹೆದರಿಸುತ್ತದೆ. ಎಚ್‌ಬಿ 12 ದಾಟಿದ ಕೂಡಲೇ ಮಾತ್ರೆ ನಿಲ್ಲಿಸುವವರು ಬಹಳ. ಆಗ ತುಂಬಿರುವುದು ರಕ್ತ ಮಾತ್ರ, ದಾಸ್ತಾನು ಇನ್ನೂ ಬರಿದು. ಎಚ್‌ಬಿ ಸರಿಯಾದ ನಂತರವೂ ಸುಮಾರು ಮೂರು ತಿಂಗಳು ಮುಂದುವರಿಸಿ, ಫೆರಿಟಿನ್ ನೋಡಿ, ಆಮೇಲೆ ನಿಲ್ಲಿಸುವ ಮಾತನ್ನು ವೈದ್ಯರೊಂದಿಗೆ ಆಡಿ.